ಕೆಳಡೆಕ್ಕಿನಲ್ಲಿ ಮೂರು ತಿಂಗಳು: 19ನೇ ಶತಮಾನದ ವಲಸೆ ಹಡಗುಗಳು ಆಸ್ಟ್ರೇಲಿಯಾ ತಲುಪುತ್ತಿದ್ದ ಬಗೆ

1852ರಲ್ಲಿ ಇಂಗ್ಲೆಂಡಿನ ಮರ್ಸಿ ನದಿಯ ಮುಖದಿಂದ ಒಂದೇ ತಿಂಗಳ ಅಂತರದಲ್ಲಿ ಎರಡು ದೊಡ್ಡ ಹಾಯಿಹಡಗುಗಳು ಮೆಲ್ಬರ್ನ್ ಕಡೆಗೆ ಹೊರಟವು. ಜುಲೈ 4ರಂದು ಹೊರಟ ‘ಮಾರ್ಕೊ ಪೋಲೊ’ ಸುಮಾರು 930 ವಲಸಿಗರನ್ನು ಹೊತ್ತು 76 ದಿನಗಳಲ್ಲಿ ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಸೇರಿತು. ನಾಲ್ಕು ತಿಂಗಳ ಪ್ರಯಾಣವೇ ಸಹಜವೆನಿಸಿದ್ದ ಆ ಕಾಲದಲ್ಲಿ ಇದು ಬೆರಗು ಹುಟ್ಟಿಸಿದ ವೇಗ. ಆಗಸ್ಟ್ 4ರಂದು 795 ಜನರೊಂದಿಗೆ ಹೊರಟ ‘ಟೈಕೊಂಡರೋಗ’ ಕೂಡ ನಿಧಾನದ ಹಡಗೇನಲ್ಲ. ಸುಮಾರು 90 ದಿನಗಳಲ್ಲಿ ಅದೇ ಕೊಲ್ಲಿಯ ಬಾಯಿಗೆ ಬಂದು ನಿಂತಿತು. ಆದರೆ ಅಷ್ಟರೊಳಗೆ ಅದರಲ್ಲಿದ್ದ ಸುಮಾರು 100 ಜನ ಜ್ವರದಿಂದ ಸತ್ತು ಸಮುದ್ರದ ಪಾಲಾಗಿದ್ದರು, ನೂರಾರು ಮಂದಿ ಹಾಸಿಗೆ ಹಿಡಿದಿದ್ದರು, ಮತ್ತು ದಡ ಸೇರಿದ ಮೇಲೂ ಅರವತ್ತಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ವೇಗಕ್ಕೆ ಹೆಸರಾದ ‘ಮಾರ್ಕೊ ಪೋಲೊ’ದಲ್ಲಿಯೂ ದಡಾರ ಹಬ್ಬಿ ಐವತ್ತರಷ್ಟು ಸಾವುಗಳಾಗಿದ್ದವು, ಸತ್ತವರಲ್ಲಿ ಬಹುಪಾಲು ಸಣ್ಣ ಮಕ್ಕಳು.

ಚುರುಕಾಗಿ ಓಡುವ, ಸಮರ್ಥ ಕಪ್ತಾನರಿದ್ದ, ಬಿರುಗಾಳಿಗೆ ಸಿಕ್ಕಿ ಒಡೆಯದ ಹಡಗುಗಳಲ್ಲಿ ಇಷ್ಟು ಜನ ಏಕೆ ಸತ್ತರು ಎಂಬುದನ್ನು ತಿಳಿಯಬೇಕಾದರೆ, ಮೇಲೆ ಹಾಯಿಗೆ ಬೀಸುತ್ತಿದ್ದ ಗಾಳಿಯನ್ನೂ ಕೆಳಗೆ ಜನ ಉಸಿರಾಡುತ್ತಿದ್ದ ಗಾಳಿಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ವಲಸೆ ಹಡಗುಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಮೊದಲನೆಯದನ್ನು ಸಾಹಸವೆಂದೂ ಎರಡನೆಯದನ್ನು ಸಂಕಟವೆಂದೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತಾರೆ. ಆದರೆ ಇವೆರಡೂ ಒಂದಕ್ಕೊಂದು ಕಟ್ಟಿಕೊಂಡ ಸಂಗತಿಗಳು ಎಂಬುದೇ ನನ್ನ ವಾದ.

ಮೊದಲು ದಾರಿಯ ವಿಚಾರ. ಹಾಯಿಹಡಗು ನಕಾಶೆಯಲ್ಲಿ ಹತ್ತಿರವಾಗಿ ಕಾಣುವ ದಾರಿಯಲ್ಲಿ ಹೋಗಲಾರದು. ಗಾಳಿ ಎಲ್ಲಿ ಸಹಾಯ ಮಾಡುತ್ತದೆಯೋ ಅಲ್ಲಿ ಮಾತ್ರ ಅದಕ್ಕೆ ದಾರಿಯಿದೆ. ಇಂಗ್ಲೆಂಡನ್ನು ಬಿಟ್ಟ ಹಡಗು ಮೊದಲು ಈಶಾನ್ಯ ವಾಣಿಜ್ಯ ಮಾರುತಗಳನ್ನು ಹಿಡಿದು ಅಟ್ಲಾಂಟಿಕ್ ಸಾಗರದಲ್ಲಿ ದಕ್ಷಿಣಕ್ಕೆ ಇಳಿಯುತ್ತಿತ್ತು. ಸಮಭಾಜಕ ವೃತ್ತದ ಬಳಿ ಎರಡೂ ಗೋಳಾರ್ಧಗಳ ಮಾರುತಗಳು ಸಂಧಿಸಿ ಮೇಲಕ್ಕೇರುವುದರಿಂದ ಅಲ್ಲಿ ಗಾಳಿಯೇ ಇಲ್ಲದ ಪಟ್ಟಿಯೊಂದು ಉಂಟಾಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಎರಡು ಮೂರು ದಿನಗಳಲ್ಲಿ, ಇಲ್ಲದಿದ್ದರೆ ಎರಡು ಮೂರು ವಾರಗಳಲ್ಲಿ ಅದನ್ನು ದಾಟಬೇಕಾಗಿತ್ತು. ಆಮೇಲೆ ಬೀಸುವ ಆಗ್ನೇಯ ಮಾರುತಗಳು ಆಫ್ರಿಕದ ಕಡೆಯಿಂದ ಬರುವುದರಿಂದ, ಆ ತೀರವನ್ನು ಅನುಸರಿಸಿ ಹೋಗಲು ಯತ್ನಿಸಿದ ಹಡಗು ಎದುರುಗಾಳಿಯಲ್ಲಿ ಸಿಕ್ಕಿಬೀಳುತ್ತಿತ್ತು. ಆದ್ದರಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗು ಮೊದಲು ಅದರ ವಿರುದ್ಧ ದಿಕ್ಕಿಗೆ, ಬ್ರೆಜಿಲ್ ತೀರದ ಕಡೆಗೆ, ದೊಡ್ಡದಾಗಿ ಬಳಸಿ ಹೋಗಿ, ದಕ್ಷಿಣದ 40ನೇ ಅಕ್ಷಾಂಶವನ್ನು ಮುಟ್ಟಿದ ಮೇಲೆ ಪೂರ್ವಕ್ಕೆ ತಿರುಗುತ್ತಿತ್ತು. ಅಲ್ಲಿಂದ ಮುಂದೆ ವರ್ಷವಿಡೀ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ, ತಡೆಯಲು ನೆಲವೇ ಇಲ್ಲದ ಪ್ರಬಲ ಮಾರುತಗಳಿವೆ. ನಾವಿಕರು ‘ಮೊರೆಯುವ ನಲವತ್ತು’ ಎಂದು ಕರೆದದ್ದು ಇವನ್ನೇ.

ಎಷ್ಟು ದಕ್ಷಿಣಕ್ಕೆ ಇಳಿದು ತಿರುಗಬೇಕು ಎಂಬುದು ಮುಂದಿನ ಪ್ರಶ್ನೆ. ಭೂಮಿ ಗುಂಡಗಿರುವುದರಿಂದ ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ ಒಂದು ತುಂಡಾಗಿರುತ್ತದೆ. ಒಂದು ಗೋಳದ ಮೇಲೆ ದಕ್ಷಿಣ ಅಟ್ಲಾಂಟಿಕ್‌ನಿಂದ ಆಸ್ಟ್ರೇಲಿಯಾದ ದಕ್ಷಿಣ ತೀರಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದು ಪೂರ್ವಕ್ಕೆ ನೇರವಾಗಿ ಹೋಗದೆ ಅಂಟಾರ್ಕ್ಟಿಕದ ಕಡೆಗೆ ಬಾಗುವುದನ್ನು ಯಾರು ಬೇಕಾದರೂ ನೋಡಬಹುದು. ಇಂಗ್ಲೆಂಡಿನ ಜಾನ್ ಥಾಮಸ್ ಟೌಸನ್ ಎಂಬವರು 1840ರ ದಶಕದ ಕೊನೆಯಲ್ಲಿ ಇದನ್ನು ಕಪ್ತಾನರು ಸುಲಭವಾಗಿ ಬಳಸುವಂತೆ ಕೋಷ್ಟಕಗಳನ್ನು ರಚಿಸಿಕೊಟ್ಟರು. ಅದೇ ಹೊತ್ತಿಗೆ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೋರಿ ಸಾವಿರಾರು ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು ಯಾವ ಸಾಗರದಲ್ಲಿ ಯಾವ ತಿಂಗಳು ಯಾವ ಗಾಳಿ ಎಂಬ ನಕಾಶೆಗಳನ್ನು ಪ್ರಕಟಿಸಿದರು. ಕೇಪ್ ಆಫ್ ಗುಡ್ ಹೋಪ್ ಬಳಿ ನಿಂತು ನೀರು ತುಂಬಿಕೊಂಡು, 39ನೇ ಅಕ್ಷಾಂಶದ ಆಸುಪಾಸಿನಲ್ಲಿ ಪೂರ್ವಕ್ಕೆ ಸಾಗುತ್ತಿದ್ದ ಹಳೆಯ ಪದ್ಧತಿಯನ್ನು ಬಿಟ್ಟು, ಎಲ್ಲಿಯೂ ನಿಲ್ಲದೆ 50ನೇ ಅಕ್ಷಾಂಶದತ್ತ ಇಳಿದು ಹೋಗುವ ಹೊಸ ಪದ್ಧತಿ ಬಂದದ್ದು ಹೀಗೆ. 120 ದಿನಗಳ ಪ್ರಯಾಣ 80–90 ದಿನಗಳಿಗೆ ಇಳಿಯಿತು.

ಈ ಉಳಿತಾಯಕ್ಕೆ ಬೆಲೆ ತೆರಬೇಕಾದವರು ಕೆಳಗಿದ್ದರು. ಸಮಭಾಜಕದ ಸುಡುಬಿಸಿಲಿನಲ್ಲಿ ಡಾಂಬರು ಕರಗುವಂಥ ಹಗಲುಗಳನ್ನು ಕಳೆದ ಜನ, ಮೂರು ನಾಲ್ಕು ವಾರಗಳೊಳಗೆ ಹಿಮಗಡ್ಡೆ ತೇಲುವ ನೀರಿಗೆ ಬಂದುಬಿಡುತ್ತಿದ್ದರು. ಅಲ್ಲಿನ ಅಲೆಗಳು ಡೆಕ್ಕಿನ ಮೇಲೆಯೇ ಹಾಯುತ್ತಿದ್ದುದರಿಂದ ಕೆಳಡೆಕ್ಕಿಗೆ ಇಳಿಯುವ ಬಾಯಿಗಳನ್ನು ಹಲಗೆಯಿಂದ ಮುಚ್ಚಿ, ಮೇಲೆ ಟಾರ್ಪಾಲು ಹೊದಿಸಿ ಬಿಗಿಯುತ್ತಿದ್ದರು. ಕೆಳಡೆಕ್ಕಿಗೆ ಗಾಳಿಯೂ ಬೆಳಕೂ ಬಹುಮಟ್ಟಿಗೆ ಆ ಬಾಯಿಗಳಿಂದಲೇ ಬರಬೇಕು. ಬಿಸಿ ಪ್ರದೇಶದಲ್ಲಿ ಕ್ಯಾನ್ವಾಸಿನ ಉದ್ದನೆಯ ಕೊಳವೆಗಳನ್ನು ಅವುಗಳ ಮೂಲಕ ಇಳಿಬಿಟ್ಟು ತಂಗಾಳಿಯನ್ನು ಒಳಗೆ ಹರಿಸುತ್ತಿದ್ದರು. ದಕ್ಷಿಣದ ಚಳಿ ಮತ್ತು ಅಲೆಗಳ ನಡುವೆ ಅದಕ್ಕೆ ಅವಕಾಶವಿರಲಿಲ್ಲ. ಹಾಸಿಗೆಗಳನ್ನು ಮೇಲೆ ತಂದು ಒಣಗಿಸುವುದು, ಮೈ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವೂ ನಿಂತುಹೋಗುತ್ತಿದ್ದವು. ಜನ ಇದ್ದಬದ್ದ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು, ಒಬ್ಬರಿಗೊಬ್ಬರು ಒತ್ತಿಕೊಂಡು ವಾರಗಟ್ಟಲೆ ಕೂರುತ್ತಿದ್ದರು.

ಆ ಕೆಳಡೆಕ್ಕು ಹೇಗಿತ್ತು? ಎರಡು ಡೆಕ್ಕುಗಳ ನಡುವೆ ಆರೇಳು ಅಡಿ ಎತ್ತರದ ಉದ್ದನೆಯ ಜಾಗ. ಎರಡೂ ಪಕ್ಕಗಳಲ್ಲಿ ಒರಟು ಹಲಗೆಗಳಿಂದ ಮಾಡಿದ ಎರಡು ಅಂತಸ್ತಿನ ಮಲಗುಗೂಡುಗಳು. ಗಂಡಹೆಂಡತಿಗೆ ಆರು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಗೂಡು, ಮಕ್ಕಳಿಗೆ ಅದರ ಕೆಳಗಿನದು. ನಡುವಿನ ಓಣಿಯಲ್ಲಿ ಉದ್ದನೆಯ ಮೇಜು, ಬೆಂಚುಗಳು. ಸರ್ಕಾರದ ಖರ್ಚಿನಲ್ಲಿ ಹೋಗುವ ಹಡಗುಗಳಲ್ಲಿ ಒಂಟಿ ಗಂಡಸರನ್ನು ಮುಂಭಾಗದಲ್ಲಿ, ಸಂಸಾರಗಳನ್ನು ನಡುವೆ, ಒಂಟಿ ಹೆಂಗಸರನ್ನು ಒಬ್ಬ ಮೇಟ್ರನ್‌ಳ ಮೇಲ್ವಿಚಾರಣೆಯಲ್ಲಿ ಹಿಂಭಾಗದಲ್ಲಿ ಇಟ್ಟು, ನಡುವೆ ಹಲಗೆಯ ಅಡ್ಡಗೋಡೆಗಳನ್ನು ನಿಲ್ಲಿಸುತ್ತಿದ್ದರು. ಒಬ್ಬೊಬ್ಬ ಗಂಡಸೂ ಆರು ಅಂಗಿ, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು, ಎರಡು ಪೂರ್ತಿ ಉಡುಪುಗಳನ್ನು ತಂದಿದ್ದಾನೆಯೇ ಎಂದು ಹಡಗು ಹತ್ತುವ ಮೊದಲೇ ತಪಾಸಣೆಯಾಗುತ್ತಿತ್ತು. ಉಳಿದ ಸಾಮಾನಿನ ಪೆಟ್ಟಿಗೆ ಹಡಗಿನ ಉಗ್ರಾಣಕ್ಕೆ ಹೋಗುತ್ತಿತ್ತು. ಕೆಲವು ವಾರಗಳಿಗೊಮ್ಮೆ ಅದನ್ನು ಮೇಲೆ ತಂದು ತೆರೆಯಲು ಬಿಟ್ಟಾಗ ಮಾತ್ರ ಬಟ್ಟೆ ಬದಲಿಸಿಕೊಳ್ಳಬಹುದಾಗಿತ್ತು. ಊಟಕ್ಕೆ ಆರರಿಂದ ಹತ್ತು ಜನರ ಪಂಗಡಗಳಿದ್ದವು. ಪಂಗಡದ ಒಬ್ಬ ಮುಖಂಡ ದಿನದ ಪಡಿಯನ್ನು ಪಡೆದುಕೊಂಡು, ಹಿಟ್ಟು ಕಲಸಿಯೋ ಮಾಂಸಕ್ಕೆ ತಗಡಿನ ಗುರುತುಚೀಟಿ ಕಟ್ಟಿಯೋ ಹಡಗಿನ ಅಡುಗೆಮನೆಗೆ ಒಪ್ಪಿಸಿ, ಬೆಂದ ಮೇಲೆ ಓಲಾಡುವ ಏಣಿಯಲ್ಲಿ ಅದನ್ನು ಕೆಳಗೆ ತರಬೇಕಾಗಿತ್ತು.

ನೀರಿನ ಲೆಕ್ಕ ಇನ್ನೂ ಕಟ್ಟುನಿಟ್ಟು. 1855ರ ಬ್ರಿಟಿಷ್ ಪ್ರಯಾಣಿಕರ ಕಾಯ್ದೆ ಒಬ್ಬ ವಯಸ್ಕನಿಗೆ ದಿನಕ್ಕೆ ಮೂರು ಕ್ವಾರ್ಟ್, ಅಂದರೆ ಸುಮಾರು 3.4 ಲೀಟರ್ ನೀರನ್ನು ನಿಗದಿ ಮಾಡಿತ್ತು. ಅಡುಗೆಯ ನೀರು ಬೇರೆ. ಇದು ಕಡಿಮೆ ಎನಿಸಬಹುದು, ಆದರೆ 300 ವಯಸ್ಕರಿಗೆ 120 ದಿನಗಳಿಗೆ ಇದೇ 120 ಟನ್ನಿಗಿಂತ ಹೆಚ್ಚಾಗುತ್ತದೆ, ಮತ್ತು ಅಷ್ಟನ್ನೂ ಹೊರಡುವಾಗಲೇ ತುಂಬಿಕೊಳ್ಳಬೇಕಾಗಿತ್ತು. ಹೀಗಾಗಿ ಸ್ನಾನಕ್ಕೂ ಬಟ್ಟೆಗೂ ಬಹುಮಟ್ಟಿಗೆ ಸಮುದ್ರದ ನೀರೇ ಗತಿ; ಉಪ್ಪುನೀರಿನಲ್ಲಿ ಸಾಮಾನ್ಯ ಸಾಬೂನು ನೊರೆ ಬಿಡುವುದಿಲ್ಲ, ಬಟ್ಟೆ ಪೂರ್ತಿ ಒಣಗುವುದೂ ಇಲ್ಲ. ಊಟಕ್ಕೆ ಗಟ್ಟಿ ಬಿಸ್ಕತ್ತು, ಉಪ್ಪು ಹಾಕಿದ ದನದ ಮತ್ತು ಹಂದಿಯ ಮಾಂಸ, ಹಿಟ್ಟು, ಓಟ್ಸ್, ಅಕ್ಕಿ, ಬಟಾಣಿ, ಸಕ್ಕರೆ, ಚಹಾ. ತಾಜಾ ಹಣ್ಣು ತರಕಾರಿಗಳಿಲ್ಲದೆ ಬರುವ ಸ್ಕರ್ವಿ ರೋಗವನ್ನು ತಡೆಯಲು ನಿಂಬೆರಸವೂ ಪಡಿಯಲ್ಲಿತ್ತು. ಹಳ್ಳಿಗಳಲ್ಲಿ ಆಲೂಗಡ್ಡೆಯ ಮೇಲೆಯೇ ಬದುಕಿದ್ದ ಎಷ್ಟೋ ಬಡವರಿಗೆ ವಾರದಲ್ಲಿ ಹಲವು ದಿನ ಮಾಂಸ ಸಿಕ್ಕಿದ್ದು ಈ ಹಡಗಿನಲ್ಲೇ ಮೊದಲು ಎಂಬುದನ್ನು ಮರೆಯಬಾರದು.

ಆದರೆ ಈ ಪಡಿಯಲ್ಲಿ ಒಂದು ದೊಡ್ಡ ತೂತಿತ್ತು. 1ರಿಂದ 12 ವರ್ಷದ ಇಬ್ಬರು ಮಕ್ಕಳನ್ನು ಕಾನೂನು ಒಬ್ಬ ವಯಸ್ಕನೆಂದು ಎಣಿಸುತ್ತಿತ್ತು; ವರ್ಷದೊಳಗಿನ ಕೂಸು ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಂದರೆ ಎರಡು ವರ್ಷದ ಮಗುವಿಗೆ ಸಿಗುತ್ತಿದ್ದುದು ದೊಡ್ಡವರ ಊಟದ ಅರ್ಧ ಪಾಲು: ಅದೇ ಬಿಸ್ಕತ್ತು, ಅದೇ ಉಪ್ಪುಮಾಂಸ. ತಾಯಿ ಕಡಲಬೇನೆಯಿಂದ ಬಸವಳಿದು ಎದೆಹಾಲು ಬತ್ತಿದರೆ ಬೇರೆ ಹಾಲಿಲ್ಲ. ವಲಸೆ ಹಡಗುಗಳಲ್ಲಿ ಸತ್ತವರಲ್ಲಿ ಅತಿ ಹೆಚ್ಚಿನವರು ಎಳೆಯ ಮಕ್ಕಳೇ ಆಗಿರುವುದಕ್ಕೆ ಸಾಂಕ್ರಾಮಿಕ ರೋಗಗಳ ಜೊತೆಗೆ ಈ ಭೇದಿ, ಈ ಕ್ಷೀಣತೆಗಳೂ ಕಾರಣ. ಸಂಸ್ಕರಿಸಿದ ಹಾಲು, ಸಾಬೂದಾನಿ, ಆರಾರೂಟುಗಳನ್ನು ಶಿಶುಗಳಿಗೆಂದೇ ಕಡ್ಡಾಯವಾಗಿ ಒಯ್ಯುವ ಪದ್ಧತಿ ಅನುಭವದಿಂದ ಪಾಠ ಕಲಿತ ಮೇಲೆ ಬಂದದ್ದು. ಆ ಅನುಭವವೆಂದರೆ ಸಮುದ್ರಕ್ಕಿಳಿದ ನೂರಾರು ಪುಟ್ಟ ದೇಹಗಳು ಎಂಬುದನ್ನು ಬಿಡಿಸಿ ಹೇಳಲೇಬೇಕು.

ಈಗ ‘ಟೈಕೊಂಡರೋಗ’ಕ್ಕೆ ಮರಳೋಣ. 1851ರಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾಗಳಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿದ್ದೇ ತಡ, ಸ್ವಂತ ಖರ್ಚಿನಲ್ಲಿ ಹೊರಡುವವರ ಪ್ರವಾಹವೇ ಶುರುವಾಯಿತು. ವಿಕ್ಟೋರಿಯಾದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಸುಮಾರು 77 ಸಾವಿರದಿಂದ 5 ಲಕ್ಷ 40 ಸಾವಿರಕ್ಕೆ ಏರಿತು. ಆದರೆ ಅಲ್ಲಿನ ಕುರಿ ಸಾಕಣೆದಾರರಿಗೆ ಬೇಕಾಗಿದ್ದವರು ಚಿನ್ನ ಅಗೆಯುವವರಲ್ಲ, ಕೂಲಿ ಮಾಡುವವರು. ಕಾಲೊನಿಯ ಹಣದಿಂದ ಬಡ ಕುಟುಂಬಗಳನ್ನು ಕಳಿಸುತ್ತಿದ್ದ ಲಂಡನ್ನಿನ ವಲಸೆ ಆಯೋಗಕ್ಕೆ ಆ ವರ್ಷ ಬಾಡಿಗೆಗೆ ಹಡಗುಗಳೇ ಸಿಗಲಿಲ್ಲ. ಹೀಗಾಗಿ ಅದು ಮೊದಲ ಬಾರಿಗೆ, ಒಂದರ ಕೆಳಗೊಂದು ಎರಡು ಪ್ರಯಾಣಿಕ ಡೆಕ್ಕುಗಳಿದ್ದ ಭಾರಿ ಹಡಗುಗಳನ್ನು ಹಿಡಿಯಿತು: ‘ಬೋರ್ನೂಫ್’, ‘ವನಾಟ’, ‘ಮಾರ್ಕೊ ಪೋಲೊ’, ‘ಟೈಕೊಂಡರೋಗ’. ಕೊನೆಯದರಲ್ಲಿದ್ದವರಲ್ಲಿ ಹೆಚ್ಚಿನವರು ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಪ್ರದೇಶದಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ವರ್ಷಗಟ್ಟಲೆ ಹಸಿದಿದ್ದ ಕುಟುಂಬಗಳು.

ಆ ಹಡಗಿನಲ್ಲಿ ಹಬ್ಬಿದ ಜ್ವರ ಟೈಫಸ್. ಅದನ್ನು ಹರಡುವುದು ಬಟ್ಟೆಯ ಹೊಲಿಗೆಗಳಲ್ಲಿ ಅಡಗಿ ಬದುಕುವ ಕೂರೆ. ಇದನ್ನು ಶಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. 1852ರ ವೈದ್ಯರು ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂದು ನಂಬಿ ನೆಲ ಕೆರೆದು, ಸುಣ್ಣದ ಕ್ಲೋರೈಡ್ ಎರಚಿ ಹೋರಾಡುತ್ತಿದ್ದರು. ರೋಗಿಯ ಮೈ ಜ್ವರದಿಂದ ಸುಡತೊಡಗಿದರೆ ಅಥವಾ ಸತ್ತು ತಣ್ಣಗಾದರೆ ಕೂರೆ ಆ ಮೈಯನ್ನು ಬಿಟ್ಟು ಪಕ್ಕದವರ ಬಟ್ಟೆಗೆ ಹೋಗುತ್ತದೆ. ದಕ್ಷಿಣ ಸಾಗರದ ಚಳಿಯಲ್ಲಿ ಪಕ್ಕದವರು ಮೂರು ಅಡಿಯ ಗೂಡಿನಲ್ಲಿ ಅದೇ ಕಂಬಳಿಯೊಳಗಿದ್ದರು. ಬಟ್ಟೆ ತೆಗೆಯುವಂತಿರಲಿಲ್ಲ, ಕುದಿನೀರಿನಲ್ಲಿ ಒಗೆಯುವಂತಿರಲಿಲ್ಲ, ಬಿಸಿಲಿಗೆ ಹಾಕುವಂತಿರಲಿಲ್ಲ. ಕೆಳಗಿನ ಎರಡನೆಯ ಡೆಕ್ಕಿಗಂತೂ ಗಾಳಿಬೆಳಕು ಮೇಲಿನ ಡೆಕ್ಕನ್ನು ದಾಟಿಯೇ ಬರಬೇಕು, ಅಲ್ಲಿನ ಹೊಲಸು ಮೇಲಿನ ಡೆಕ್ಕನ್ನು ದಾಟಿಯೇ ಹೋಗಬೇಕು. ಹಡಗನ್ನು ವೇಗವಾಗಿ ಒಯ್ದ ಅಕ್ಷಾಂಶವೇ ಕೂರೆಗೆ ಅತ್ಯಂತ ಅನುಕೂಲವಾದ ಅಕ್ಷಾಂಶವೂ ಆಗಿತ್ತು ಎಂದರೆ ಅತಿಶಯೋಕ್ತಿಯಲ್ಲ. ವೈದ್ಯ ಸ್ಯಾಂಗರ್ ತಾವೇ ಜ್ವರಕ್ಕೆ ಬಿದ್ದ ಮೇಲೆ ಅವರ ಸಹಾಯಕ, ಯುವಕ ಜೇಮ್ಸ್ ವೀಚ್, ಪ್ರಯಾಣಿಕರಲ್ಲೇ ಕೆಲವು ಹೆಂಗಸರ ನೆರವಿನಿಂದ ನೂರಾರು ರೋಗಿಗಳನ್ನು ನೋಡಿಕೊಂಡರು.

ದಡಾರದ ಲೆಕ್ಕ ಬೇರೆ ಬಗೆಯದು, ಮತ್ತು ಹಡಗಿನ ಗಾತ್ರ ಏಕೆ ಮುಖ್ಯ ಎಂಬುದನ್ನು ಅದು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಹತ್ತು ಹದಿನಾಲ್ಕು ದಿನ ಬೇಕು. ಆದ್ದರಿಂದ ಹೊರಡುವ ದಿನದ ತಪಾಸಣೆಯಲ್ಲಿ ಆರೋಗ್ಯವಾಗಿ ಕಂಡ ಮಗು ಸೋಂಕನ್ನು ಹೊತ್ತೇ ಹಡಗು ಹತ್ತಬಹುದು. ಒಮ್ಮೆ ಬಂದವರಿಗೆ ದಡಾರ ಮತ್ತೆ ಬರುವುದಿಲ್ಲವಾದ್ದರಿಂದ, ಮೂವತ್ತು ಮಕ್ಕಳಿರುವ ಚಿಕ್ಕ ಹಡಗಿನಲ್ಲಿ ಅದು ಎರಡು ಮೂರು ಸುತ್ತು ಹಬ್ಬಿ, ತಗುಲಲು ಮಕ್ಕಳಿಲ್ಲದೆ ತಾನಾಗಿ ಆರಿಹೋಗುತ್ತದೆ. ನೂರಾರು ಮಕ್ಕಳಿರುವ ಹಡಗಿನಲ್ಲಿ ಸುತ್ತುಗಳು ಪ್ರಯಾಣದ ಕೊನೆಯವರೆಗೂ ನಡೆಯುತ್ತಲೇ ಇರುತ್ತವೆ. 1852ರ ನಂತರ ಆಯೋಗ ಎರಡು ಡೆಕ್ಕುಗಳ ಹಡಗುಗಳನ್ನು ಕೈಬಿಟ್ಟು, ಸಣ್ಣ ಮಕ್ಕಳ ಸಂಖ್ಯೆಗೆ ಮಿತಿ ಹಾಕಿತು.

‘ಟೈಕೊಂಡರೋಗ’ ರೋಗವಿದೆಯೆಂದು ಸೂಚಿಸುವ ಹಳದಿ ಬಾವುಟವನ್ನೇರಿಸಿ ಕೊಲ್ಲಿಯ ಬಾಯಿಯಲ್ಲಿ ನಿಂತಾಗ ಅದನ್ನು ಮೆಲ್ಬರ್ನಿಗೆ ಬಿಡಲಿಲ್ಲ. ಪಾಯಿಂಟ್ ನೇಪಿಯನ್ ಎಂಬ ಭೂಶಿರದಲ್ಲಿ ಸುಣ್ಣ ಸುಡುವವರ ಎರಡು ಮನೆಗಳನ್ನು ವಶಪಡಿಸಿಕೊಂಡು, ಹಡಗಿನ ಹಾಯಿಗಳಿಂದಲೇ ಡೇರೆಗಳನ್ನು ಹೊಡೆದು ರೋಗಿಗಳನ್ನು ಇಳಿಸಿದರು. ‘ಲೈಸ್ಯಾಂಡರ್’ ಎಂಬ ಇನ್ನೊಂದು ಹಡಗು ತೇಲುವ ಆಸ್ಪತ್ರೆಯಾಗಿ ಬಂತು. ವಿಕ್ಟೋರಿಯಾದ ಕ್ವಾರಂಟೈನ್ ಕೇಂದ್ರ ಅಲ್ಲಿ ನೆಲೆಗೊಂಡದ್ದು ಹೀಗೆ.

ಪ್ರಕೃತಿಯ ಅಪಾಯಗಳೂ ಸಣ್ಣವಲ್ಲ, ಆದರೆ ಅವು ಬಂದದ್ದು ಹೆಚ್ಚಾಗಿ ದಾರಿಯ ಕೊನೆಯಲ್ಲಿ. ಸಾವಿರಾರು ಮೈಲಿ ತೆರೆದ ಸಾಗರವನ್ನು ದಾಟಿ ಬಂದ ಹಡಗು ಆಸ್ಟ್ರೇಲಿಯಾದ ದಕ್ಷಿಣ ತೀರದ ಭೂಶಿರವಾದ ಕೇಪ್ ಆಟ್ವೇ ಮತ್ತು ಅದರೆದುರಿನ ಕಿಂಗ್ ದ್ವೀಪಗಳ ನಡುವಿನ, ಸುಮಾರು 90 ಕಿಲೋಮೀಟರ್ ಅಗಲದ ಕಿಂಡಿಯೊಳಗೆ ನುಗ್ಗಬೇಕಾಗಿತ್ತು. ತಾನು ಎಷ್ಟು ಪೂರ್ವಕ್ಕೆ ಬಂದಿದ್ದೇನೆ ಎಂಬುದನ್ನು ಕಪ್ತಾನ ತಿಳಿಯುತ್ತಿದ್ದುದು ಗಡಿಯಾರವನ್ನೂ ಸೂರ್ಯನನ್ನೂ ನೋಡಿ. ದಿನಗಟ್ಟಲೆ ಮೋಡ ಕವಿದರೆ ಅಂದಾಜೇ ಆಧಾರ. 1845ರ ಆಗಸ್ಟ್ 4ರ ಬೆಳಗಿನ ಜಾವ ‘ಕ್ಯಾಟರಾಕ್ವಿ’ ಇಂಥ ಅಂದಾಜಿನಲ್ಲಿ ಸಾಗಿ ಕಿಂಗ್ ದ್ವೀಪದ ಬಂಡೆಗಳಿಗೆ ಬಡಿಯಿತು. ಸುಮಾರು 400 ಜನ ಸತ್ತರು. ಉಳಿದವರು ಒಂಬತ್ತು ಮಂದಿ, ಅವರಲ್ಲಿ ವಲಸಿಗ ಒಬ್ಬನೇ. ಕೇಪ್ ಆಟ್ವೇಯಲ್ಲಿ ದೀಪಸ್ತಂಭ ಉರಿದದ್ದು ಮೂರು ವರ್ಷಗಳ ಬಳಿಕ, 1848ರಲ್ಲಿ. ಕಿಂಗ್ ದ್ವೀಪದ ಉತ್ತರ ತುದಿಗೆ ದೀಪ ಬಂದದ್ದು 1861ರಲ್ಲಿ. ಬೆಂಕಿಯ ಭಯವಂತೂ ಪ್ರಯಾಣದ ಪ್ರತಿ ರಾತ್ರಿಯೂ ಇದ್ದದ್ದೇ. 1874ರ ನವೆಂಬರಿನಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದ, ಬರ್ಮಾದ ಮೌಲ್ಮೇನಿನಲ್ಲಿ ತೇಗದ ಮರದಿಂದ ಕಟ್ಟಿದ ‘ಕಾಸ್ಪಾಟ್ರಿಕ್’ ಕೇಪ್ ಆಫ್ ಗುಡ್ ಹೋಪ್‌ನ ನೈಋತ್ಯದಲ್ಲಿ ಹೊತ್ತಿ ಉರಿಯಿತು. ಅದರಲ್ಲಿದ್ದ 470ಕ್ಕೂ ಹೆಚ್ಚು ಜನರಲ್ಲಿ ಬದುಕಿದವರು ಮೂವರು. ಇದ್ದ ದೋಣಿಗಳಲ್ಲಿ ಅರ್ಧದಷ್ಟು ಜನರಿಗೂ ಜಾಗವಿರಲಿಲ್ಲ, ಮತ್ತು ಅದು ಆಗಿನ ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಗಮನಾರ್ಹವೆನಿಸುವುದು ವೈದ್ಯರ ಸಂಬಳದ ಕ್ರಮ. ಸರ್ಕಾರಿ ವಲಸೆ ಹಡಗಿನ ಮುಖ್ಯ ವೈದ್ಯನಿಗೆ ಹಣ ಸಿಗುತ್ತಿದ್ದುದು ಹತ್ತಿಸಿಕೊಂಡ ಜನರ ಲೆಕ್ಕದಲ್ಲಲ್ಲ. ಜೀವಂತವಾಗಿ ಇಳಿದವರ ಲೆಕ್ಕದಲ್ಲಿ, ತಲೆಗಿಷ್ಟು ಎಂದು. ಚೆನ್ನಾಗಿ ಕೆಲಸ ಮಾಡಿದವನಿಗೆ ಮುಂದಿನ ಪ್ರಯಾಣದಲ್ಲಿ ತಲೆಯ ದರ ಏರುತ್ತಿತ್ತು. ಬೆಳಗ್ಗೆ ಎಲ್ಲರನ್ನೂ ಎಬ್ಬಿಸುವುದು, ಹಾಸಿಗೆ ಸುತ್ತಿಸುವುದು, ನೆಲವನ್ನು ನೀರು ಹಾಕದೆ ಒಣಗಿದಂತೆಯೇ ಉಜ್ಜಿಸುವುದು, ಮಕ್ಕಳಿಗೆ ಪಾಠ ಹೇಳಿಸುವುದು, ರಾತ್ರಿ ಹತ್ತಕ್ಕೆ ದೀಪ ಆರಿಸುವುದು, ಎಲ್ಲವೂ ಅವನ ಅಧಿಕಾರದಲ್ಲಿದ್ದವು. ಕೆಳಡೆಕ್ಕಿನ ಬಾಯಿಯನ್ನು ತೆರೆದಿಡಬೇಕೆಂದು ವೈದ್ಯ, ಹಡಗಿನ ಸುರಕ್ಷತೆಗಾಗಿ ಮುಚ್ಚಬೇಕೆಂದು ಕಪ್ತಾನ ಜಗಳಾಡಿದ ಪ್ರಸಂಗಗಳಿಗೆ ಲೆಕ್ಕವಿಲ್ಲ, ಮತ್ತು ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತಿದ್ದರು. ರೋಗದ ನಿಜವಾದ ಕಾರಣ ತಿಳಿಯದಿದ್ದರೂ ಈ ಶಿಸ್ತು ಫಲ ಕೊಟ್ಟಿತು. ಶತಮಾನದ ಉತ್ತರಾರ್ಧದಲ್ಲಿ ಸರ್ಕಾರಿ ಹಡಗುಗಳಲ್ಲಿ ಸಾವು ಗಣನೀಯವಾಗಿ ಇಳಿಯಿತು.

ಇದೇ ಚೌಕಟ್ಟು ಭಾರತದ ಬಂದರುಗಳಿಗೂ ಬಂತು. ಗುಲಾಮಗಿರಿ ರದ್ದಾದ ಮೇಲೆ ಮಾರಿಷಸ್, ಗಯಾನ, ಟ್ರಿನಿಡಾಡ್, ನಟಾಲ್, ಫಿಜಿಗಳ ತೋಟಗಳಿಗೆ ಕಲ್ಕತ್ತ ಮತ್ತು ಮದರಾಸುಗಳಿಂದ ಕರಾರು ಕೂಲಿಗಳನ್ನು ಒಯ್ದ ಹಡಗುಗಳಲ್ಲಿಯೂ ಒಂಟಿ ಗಂಡಸರು ಮುಂದೆ, ಸಂಸಾರಗಳು ನಡುವೆ, ಒಂಟಿ ಹೆಂಗಸರು ಹಿಂದೆ. ಅಲ್ಲಿಯೂ ವೈದ್ಯನಿಗೆ ತಲೆಲೆಕ್ಕದ ಸಂಬಳ. ಆದರೆ ಸಮಾನತೆ ಅಲ್ಲಿಗೆ ಮುಗಿಯುತ್ತದೆ. ಬ್ರಿಟಿಷ್ ವಲಸಿಗನು ಇಳಿದ ಮೇಲೆ ಯಾರ ಬಳಿ ಬೇಕಾದರೂ ಕೂಲಿಗೆ ಹೋಗಬಹುದಾಗಿತ್ತು. ಭಾರತದ ಕೂಲಿ ಐದು ವರ್ಷ ಒಂದೇ ತೋಟಕ್ಕೆ ಕಟ್ಟುಬಿದ್ದಿರಬೇಕಾಗಿತ್ತು, ಬಿಟ್ಟು ಹೋದರೆ ಜೈಲು. 1879ರ ಮೇ 14ರಂದು ಫಿಜಿಯ ಲೆವುಕ ಬಂದರಿಗೆ 463 ಕೂಲಿಗಳನ್ನು ತಂದ ಮೊದಲ ಹಡಗು ‘ಲಿಯೊನಿಡಾಸ್’ನಲ್ಲಿ ಕಾಲರಾ ಮತ್ತು ಸಿಡುಬು ಕಾಣಿಸಿಕೊಂಡು, ಬಂದವರನ್ನೆಲ್ಲ ಒಂದು ಪುಟ್ಟ ದ್ವೀಪದಲ್ಲಿ ತಿಂಗಳುಗಟ್ಟಲೆ ಪ್ರತ್ಯೇಕವಾಗಿಡಲಾಯಿತು. ಕಲ್ಕತ್ತದಿಂದ ಫಿಜಿಗೆ ಹೋಗುವ ಹಾಯಿಹಡಗುಗಳೂ ಆಸ್ಟ್ರೇಲಿಯಾದ ದಕ್ಷಿಣಕ್ಕಿಳಿದು ಆ ಪಶ್ಚಿಮ ಮಾರುತಗಳನ್ನೇ ಹಿಡಿಯುತ್ತಿದ್ದವು. ಬಿಹಾರದ, ಅವಧದ ಬಯಲುಗಳಿಂದ ತೆಳು ಬಟ್ಟೆಯಲ್ಲಿ ಬಂದವರಿಗೆ ಆ ಚಳಿಯನ್ನು ತಡೆಯಲು ಹಡಗಿನಲ್ಲಿ ಕೊಟ್ಟ ಕಂಬಳಿಗಳಷ್ಟೇ ಆಸರೆ.

1880ರ ದಶಕದ ಹೊತ್ತಿಗೆ ಸುಧಾರಿತ ಎಂಜಿನ್‌ಗಳ ಉಗಿಹಡಗುಗಳು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಸುಮಾರು 40 ದಿನಗಳಲ್ಲಿ ಹೋಗತೊಡಗಿದವು. ಅವು ಗಾಳಿಯನ್ನು ಹುಡುಕಿಕೊಂಡು ದಕ್ಷಿಣದ ಚಳಿಗೆ ಇಳಿಯಬೇಕಾಗಿರಲಿಲ್ಲ, ದಾರಿಯ ಬಂದರುಗಳಲ್ಲಿ ಕಲ್ಲಿದ್ದಲಿನ ಜೊತೆಗೆ ತಾಜಾ ಆಹಾರವನ್ನೂ ತುಂಬಿಕೊಳ್ಳುತ್ತಿದ್ದವು. ಬ್ರಿಟಿಷ್ ವಲಸಿಗರು ಆ ದಶಕದಲ್ಲಿ ಉಗಿಹಡಗು ಹತ್ತಿದರು. ಭಾರತದ ಕೂಲಿಗಳನ್ನು ಒಯ್ಯುವವರು ಮಾತ್ರ ಅಗ್ಗದ ಬಾಡಿಗೆಗೆ ಸಿಗುತ್ತಿದ್ದ ಹಾಯಿಹಡಗುಗಳನ್ನೇ 20ನೇ ಶತಮಾನದ ಹೊಸ್ತಿಲವರೆಗೂ ಬಳಸಿದರು. ಉಗಿಹಡಗಿನಲ್ಲಿ ಸುಮಾರು ಒಂದು ತಿಂಗಳಲ್ಲಿ ಮುಗಿಯುವ ಫಿಜಿಯ ಪ್ರಯಾಣಕ್ಕೆ ಅವುಗಳಲ್ಲಿ ಎಪ್ಪತ್ತು ದಿನಗಳಿಗಿಂತ ಹೆಚ್ಚು ಹಿಡಿಯುತ್ತಿತ್ತು.